ಆರ್ಡುಯಿನೊ ಊನೊ

ಆರ್ಡುಯಿನೊ ಊನೊ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳು, ವಿದ್ಯಾರ್ಥಿಗಳು ಮತ್ತು ವಿನ್ಯಾಸಕಾರರು ಪ್ರಯೋಗಕ್ಕೆಂದು ಬಳಸುವ ಮೈಕ್ರೋಕಂಟ್ರೋಲರ್ ಬೋರ್ಡು. ಉದ್ದ 68.6 ಮಿ.ಮೀ., ಅಗಲ 53.4 ಮಿ.ಮೀ., ತೂಕ ಸುಮಾರು 25 ಗ್ರಾಂ, ಅಂಗೈಯಲ್ಲಿ ಹಿಡಿಸುತ್ತದೆ. ಇಟಲಿಯಲ್ಲಿ 2005ರಲ್ಲಿ ಶುರುವಾದ ಆರ್ಡುಯಿನೊ ಸರಣಿಯಲ್ಲಿ ಇದು 2010ರಲ್ಲಿ ಬಂದ ಮಾದರಿ. ಇದರ ಮೇಲೆ ಕೂತಿರುವ ಚಿಪ್ಪಿನಲ್ಲಿ ಅಂಥ ವಿಶೇಷವೇನೂ ಇಲ್ಲ. ಅದರಷ್ಟೇ ಶಕ್ತಿಯ, ಅದಕ್ಕಿಂತ ಹೆಚ್ಚು ಶಕ್ತಿಯ ಚಿಪ್‌ಗಳು ಆಗಲೇ ಅಂಗಡಿಯಲ್ಲಿದ್ದವು. ಹಾಗಿದ್ದೂ ಊನೊ ಜಗತ್ತಿನ ತುಂಬ ಹರಡಿತು. ಚಿಪ್ಪಿಗೂ ಕಲಿಯುವವರಿಗೂ ನಡುವೆ ಇದ್ದ ಅಡ್ಡಿಗಳನ್ನು ಅದು ಒಂದೊಂದಾಗಿ ಸರಿಸಿದ್ದೇ ಇದಕ್ಕೆ ಕಾರಣ.

ಪ್ರೊಸೆಸರ್, ಪ್ರೋಗ್ರಾಂ ಉಳಿಸಿಕೊಳ್ಳುವ ಮೆಮೊರಿ, ಲೆಕ್ಕಕ್ಕೆ ಬೇಕಾದ ರ‍್ಯಾಮ್, ಹೊರಗಿನ ತಂತಿಗಳಿಗೆ ಜೋಡಿಸುವ ಪಿನ್‌ಗಳು ಎಲ್ಲವೂ ಒಂದೇ ಚಿಪ್ಪಿನಲ್ಲಿದ್ದರೆ ಅದು ಮೈಕ್ರೋಕಂಟ್ರೋಲರ್. ಟಿ.ವಿ. ರಿಮೋಟ್, ವಾಷಿಂಗ್ ಮಷೀನ್, ಇಂಡಕ್ಷನ್ ಸ್ಟವ್, ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿ, ಎಲ್ಲದರೊಳಗೂ ಇಂಥದೊಂದು ಇರುತ್ತದೆ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರಿಗೆ ಇದರ ಮೊದಲ ಪರಿಚಯ ಬಹುಪಾಲು 8051ರಿಂದ ಆಗಿದೆ. ಇಂಟೆಲ್ ಕಂಪನಿ 1980ರಲ್ಲಿ ತಂದ ಈ ಚಿಪ್ ದಶಕಗಳ ಕಾಲ ಪಠ್ಯದಲ್ಲಿ ಉಳಿಯಿತು. ಅಸೆಂಬ್ಲಿ ಭಾಷೆಯಲ್ಲಿ ಬರೆಯುವುದು, ಅದನ್ನು ಹೆಕ್ಸ್ ಫೈಲ್ ಮಾಡುವುದು, ಚಿಪ್ ಕಿತ್ತು ಬೇರೆಯೇ ಆದ ಪ್ರೋಗ್ರಾಮರ್ ಯಂತ್ರದಲ್ಲಿ ಕೂರಿಸಿ ಬರ್ನ್ ಮಾಡುವುದು, ಮತ್ತೆ ತಂದು ಸರ್ಕ್ಯೂಟಿಗೆ ಸಿಕ್ಕಿಸುವುದು. ಎಲ್ಇಡಿ ಮಿನುಗದಿದ್ದರೆ ತಪ್ಪು ಕೋಡಿನಲ್ಲೋ, ವೈರಿಂಗಿನಲ್ಲೋ, ಚಿಪ್ಪಿನ ಕಾಲು ಮುರಿದಿದೆಯೋ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಲ್ಯಾಬಿನ ಅವಧಿಯೂ ಮುಗಿದಿರುತ್ತಿತ್ತು.

ಹುಟ್ಟು

ಉತ್ತರ ಇಟಲಿಯ ಇವ್ರಿಯಾ ಒಲಿವೆಟ್ಟಿ ಟೈಪ್‌ರೈಟರ್ ಕಂಪನಿಯ ಊರು. ಅಲ್ಲಿನ ಇಂಟರ‍್ಯಾಕ್ಷನ್ ಡಿಸೈನ್ ಇನ್‌ಸ್ಟಿಟ್ಯೂಟ್‌ಗೆ ಬರುತ್ತಿದ್ದವರು ಎಂಜಿನಿಯರುಗಳಲ್ಲ, ವಿನ್ಯಾಸದ ವಿದ್ಯಾರ್ಥಿಗಳು. ಮುಟ್ಟಿದರೆ ಉತ್ತರಿಸುವ, ಬೆಳಕಿಗೆ ಅಲುಗುವ ವಸ್ತುಗಳನ್ನು ಮಾಡಿ ತೋರಿಸಬೇಕಿತ್ತು, ಎಲೆಕ್ಟ್ರಾನಿಕ್ಸ್ ಗೊತ್ತಿರಲಿಲ್ಲ. ಆಗ ಬಳಕೆಯಲ್ಲಿದ್ದ ಬೇಸಿಕ್ ಸ್ಟ್ಯಾಂಪ್ ಎಂಬ ಅಮೆರಿಕದ ಮಾಡ್ಯೂಲ್ ವಿದ್ಯಾರ್ಥಿಗಳ ಜೇಬಿಗೆ ಭಾರ, ಶಕ್ತಿಯಲ್ಲೂ ಅಷ್ಟಕ್ಕಷ್ಟೆ.

ಕೊಲಂಬಿಯಾದಿಂದ ಬಂದಿದ್ದ ವಿದ್ಯಾರ್ಥಿ ಹೆರ್ನಾಂಡೊ ಬರಗಾನ್ 2003ರಲ್ಲಿ ತನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ ವೈರಿಂಗ್ ಎಂಬ ವ್ಯವಸ್ಥೆ ಕಟ್ಟಿದರು. ಅದರಲ್ಲಿ ಒಂದು ಬೋರ್ಡು, ಅದಕ್ಕೆ ಸರಳ ಆಜ್ಞೆಗಳ ಲೈಬ್ರರಿ, ಕೋಡ್ ಬರೆದು ಒಂದೇ ಗುಂಡಿಯಿಂದ ಬೋರ್ಡಿಗೆ ಕಳಿಸುವ ಸಾಫ್ಟ್‌ವೇರ್ ಇದ್ದವು. ಮಾರ್ಗದರ್ಶಕರು ಮಾಸ್ಸಿಮೊ ಬಾಂಝಿ ಮತ್ತು ಕೇಸಿ ರೀಸ್. ರೀಸ್ ಮತ್ತು ಬೆನ್ ಫ್ರೈ ಅದಕ್ಕೆ ಮುಂಚೆಯೇ ಚಿತ್ರಕಲಾವಿದರೂ ಕೋಡ್ ಬರೆಯಲೆಂದು ಪ್ರೊಸೆಸಿಂಗ್ ಎಂಬ ಸಾಫ್ಟ್‌ವೇರ್ ಮಾಡಿದ್ದರು. ವೈರಿಂಗ್‌ನ ಮುಖಚರ್ಯೆ ಅಲ್ಲಿಂದಲೇ ಬಂದದ್ದು. 2005ರಲ್ಲಿ ಬಾಂಝಿ, ಸ್ಪೇನಿನ ಡೇವಿಡ್ ಕ್ವಾರ್ಟಿಯೆಲೆಸ್, ಟಾಮ್ ಐಗೊ, ಜಾನ್‌ಲೂಕಾ ಮಾರ್ಟಿನೊ ಮತ್ತು ಡೇವಿಡ್ ಮೆಲ್ಲಿಸ್ ಸೇರಿ ವೈರಿಂಗ್‌ನ ಬೋರ್ಡಿಗಿಂತ ಅಗ್ಗದ ಎಟಿಮೆಗಾ8 ಚಿಪ್ ಬಳಸಿ ಹೊಸ ಬೋರ್ಡು ತಂದರು. ಅವರು ಕೂಡುತ್ತಿದ್ದ ಊರಿನ ಬಾರಿನ ಹೆಸರೇ ಬೋರ್ಡಿಗೂ ಬಂತು. ಬಾರಿಗೆ ಅದು ಬಂದದ್ದು 1002ರಿಂದ 1014ರವರೆಗೆ ಇಟಲಿಯ ರಾಜನಾಗಿದ್ದ ಇವ್ರಿಯಾದ ಆರ್ಡುಯಿನೊನಿಂದ.

ಬರಗಾನ್‌ಗೆ ಆ ತಂಡದಲ್ಲಿ ಜಾಗ ಸಿಗಲಿಲ್ಲ. ಇಂದಿಗೂ ಊನೊ ಮೇಲೆ ಓಡುವ ಕೋಡಿನ ರೀತಿ ಮತ್ತು ಆಜ್ಞೆಗಳ ಹೆಸರುಗಳೆಲ್ಲ ವೈರಿಂಗ್‌ನವೇ. ಅಗ್ಗ ಮಾಡಿ ಹರಡಿದ್ದು ಐವರ ಸಾಧನೆ, ಮೂಲ ಕಲ್ಪನೆ ಬರಗಾನ್‌ದು. ಆರ್ಡುಯಿನೊ ಕುರಿತ ಪುಸ್ತಕಗಳಲ್ಲಿ ಈ ಎರಡನೆಯ ಮಾತು ಒಂದು ಸಾಲಿನಲ್ಲಿ ಮುಗಿದುಹೋಗುವುದು ನ್ಯಾಯವಲ್ಲ.

ಬೋರ್ಡಿನ ವಿನ್ಯಾಸವನ್ನು ಯಾರು ಬೇಕಾದರೂ ನಕಲಿಸಬಹುದೆಂದು ಮುಕ್ತವಾಗಿ ಬಿಟ್ಟದ್ದಕ್ಕೆ ಆದರ್ಶದ ಜೊತೆಗೆ ಒಂದು ಭಯವೂ ಕಾರಣ. ಸಂಸ್ಥೆ ಮುಚ್ಚುವ ಸೂಚನೆ ಕಾಣುತ್ತಿತ್ತು, ಮುಚ್ಚಿದರೆ ಕೆಲಸವೂ ಅದರ ಜೊತೆ ಹೋಗುತ್ತದೆ ಎಂಬ ಆತಂಕ ತಂಡಕ್ಕಿತ್ತು. ನಕ್ಷೆ, ಸಾಫ್ಟ್‌ವೇರ್ ಎಲ್ಲ ಸಾರ್ವಜನಿಕವಾಯಿತು. ಹೆಸರೊಂದನ್ನು ಮಾತ್ರ ಟ್ರೇಡ್‌ಮಾರ್ಕ್ ಆಗಿ ಉಳಿಸಿಕೊಂಡರು. ಮುಂದೆ ಜಗಳ ಹತ್ತಿದ್ದೂ ಅದಕ್ಕೇ. 2015ರ ಹೊತ್ತಿಗೆ ಒಂದೇ ಹೆಸರಿನ ಎರಡು ಕಂಪನಿಗಳು ಕೋರ್ಟಿನಲ್ಲಿದ್ದವು, ಅಸಲಿ ಬೋರ್ಡು ಕೆಲವು ದೇಶಗಳಲ್ಲಿ ಜೆನ್ಯುಯಿನೊ ಎಂಬ ಬೇರೆ ಹೆಸರಲ್ಲಿ ಮಾರಾಟವಾಗಬೇಕಾಯಿತು. 2016ರ ಅಕ್ಟೋಬರಿನಲ್ಲಿ ರಾಜಿಯಾಯಿತು.

ಬೋರ್ಡಿನ ಮೇಲೆ ಏನೇನಿದೆ

ಊನೊದಲ್ಲಿ ಹೆಚ್ಚು ಹರಡಿದ್ದು ಮೂರನೇ ಪರಿಷ್ಕರಣೆ, ಆರ್3. ಇದರಲ್ಲಿ ಎಟಿಮೆಗಾ328ಪಿ ಎಂಬ 28 ಕಾಲಿನ ಚಿಪ್ ಸಾಕೆಟ್ಟಿನಲ್ಲಿ ಕೂತಿರುತ್ತದೆ. ಇದು ಎವಿಆರ್ ಜಾತಿಯ 8 ಬಿಟ್ ಚಿಪ್. ಎವಿಆರ್ ನಾರ್ವೆಯ ಇಬ್ಬರು ವಿದ್ಯಾರ್ಥಿಗಳಾದ ಆಲ್ಫ್ ಎಗಿಲ್ ಬೋಗೆನ್ ಮತ್ತು ವೆಗಾರ್ಡ್ ವೋಲನ್ ಅವರ ಕಲ್ಪನೆ. ಅಟ್ಮೆಲ್ ಕಂಪನಿ ಅದನ್ನು ತಯಾರಿಸಿತು, 2016ರಲ್ಲಿ ಅಟ್ಮೆಲ್ ಅನ್ನು ಮೈಕ್ರೋಚಿಪ್ ಕೊಂಡಿತು. ಪ್ರೋಗ್ರಾಂ ಇಡಲು 32 ಕಿಲೋಬೈಟ್ ಫ್ಲ್ಯಾಶ್ ಮೆಮೊರಿ ಇದ್ದು ಅರ್ಧ ಕಿಲೋಬೈಟ್ ಬೂಟ್‌ಲೋಡರಿಗೆ ಹೋಗುತ್ತದೆ. ರ‍್ಯಾಮ್ ಕೇವಲ 2 ಕಿಲೋಬೈಟ್. ಕರೆಂಟ್ ಹೋದರೂ ನೆನಪಿಡಬೇಕಾದ ಅಂಕಿಗಳಿಗೆ 1 ಕಿಲೋಬೈಟ್ ಇಇಪ್ರಾಮ್. ಕ್ಲಾಕ್ 16 ಮೆಗಾಹರ್ಟ್ಸ್.

ಬೂಟ್‌ಲೋಡರ್ ಚಿಪ್ಪಿನೊಳಗೆ ಮೊದಲೇ ಬರೆದಿಟ್ಟ ಚಿಕ್ಕ ಪ್ರೋಗ್ರಾಂ. ಬೋರ್ಡು ರೀಸೆಟ್ ಆದ ಕೂಡಲೇ ಅದು ಯುಎಸ್‌ಬಿ ಕಡೆಯಿಂದ ಹೊಸ ಕೋಡ್ ಬರುತ್ತಿದೆಯೇ ಎಂದು ನೋಡುತ್ತದೆ. ಬಂದರೆ ಫ್ಲ್ಯಾಶಿನಲ್ಲಿ ಬರೆದುಕೊಳ್ಳುತ್ತದೆ, ಇಲ್ಲದಿದ್ದರೆ ಹಳೆಯದನ್ನೇ ಓಡಿಸುತ್ತದೆ. 8051 ಕಾಲದ ಪ್ರೋಗ್ರಾಮರ್ ಯಂತ್ರವನ್ನು ಮನೆಯಿಂದ ಹೊರಹಾಕಿದ್ದು ಇದೇ. ಈಗಿನ ಹುಡುಗರು ‘ಕೋಡ್ ಡಂಪ್ ಮಾಡು’ ಅನ್ನುವ ಕೆಲಸಕ್ಕೆ ಒಂದು ಯುಎಸ್‌ಬಿ ಕೇಬಲ್ ಸಾಕು. ಆ ಕೇಬಲ್ ಪ್ರಿಂಟರಿಗೆ ಹಾಕುವಂಥ ಚೌಕನೆಯ ತುದಿಯದು. ಅದೇ ತಂತಿಯಲ್ಲಿ ಬೋರ್ಡಿಗೆ 5 ವೋಲ್ಟ್ ಕರೆಂಟೂ ಬರುತ್ತದೆ.

ಬೋರ್ಡಿನ ಎರಡು ಅಂಚಿಗೂ ತೂತುಸಾಲುಗಳಿವೆ. ಒಂದು ಕಡೆ 0ಯಿಂದ 13ರವರೆಗೆ 14 ಡಿಜಿಟಲ್ ಪಿನ್‌ಗಳು. ಇವು ಇದೆ ಅಥವಾ ಇಲ್ಲ ಎಂಬ ಎರಡೇ ಸ್ಥಿತಿ ಬಲ್ಲವು: 5 ವೋಲ್ಟ್ ಅಥವಾ ಸೊನ್ನೆ. 3, 5, 6, 9, 10, 11 ಈ ಆರರ ಪಕ್ಕ ಅಲೆಯಂಥ ಗುರುತಿರುತ್ತದೆ. ಇವು ಪಿಡಬ್ಲ್ಯುಎಂ ಪಿನ್‌ಗಳು. ಸೆಕೆಂಡಿಗೆ ನೂರಾರು ಸಲ ಆನ್ ಆಫ್ ಆಗುತ್ತ, ಆನ್ ಇರುವ ಅವಧಿಯನ್ನು ಹಿಗ್ಗಿಸಿ ಕುಗ್ಗಿಸಿ ಎಲ್ಇಡಿಯ ಬೆಳಕನ್ನೋ ಮೋಟರಿನ ವೇಗವನ್ನೋ ಹದ ಮಾಡಬಲ್ಲವು. ಎದುರು ಅಂಚಿನಲ್ಲಿ ಎ0ಯಿಂದ ಎ5ರವರೆಗೆ ಆರು ಅನಲಾಗ್ ಪಿನ್‌ಗಳು, ಅವುಗಳ ಪಕ್ಕ 5 ವೋಲ್ಟ್, 3.3 ವೋಲ್ಟ್ ಮತ್ತು ಗ್ರೌಂಡ್. 13ನೇ ಪಿನ್ನಿಗೆ ಬೋರ್ಡಿನ ಮೇಲೆಯೇ ಒಂದು ಎಲ್ಇಡಿ ಹಾಕಿಟ್ಟಿದ್ದಾರೆ. ಏನೂ ಜೋಡಿಸದೆ ಮೊದಲ ಪ್ರೋಗ್ರಾಂ ಓಡಿಸಿ ನೋಡಬಹುದು.

ಕಣ್ಣಳತೆಗೆ ಸಿಕ್ಕುವ ಒಂದು ವಕ್ರವಿದೆ: 7 ಮತ್ತು 8ನೇ ಪಿನ್‌ಗಳ ನಡುವಿನ ಅಂತರ ಉಳಿದವುಗಳಂತಿಲ್ಲ. ಎಲ್ಲ ಪಿನ್‌ಗಳ ನಡುವೆ ಅಂಗುಲದ ಹತ್ತನೇ ಒಂದು ಭಾಗವಿದ್ದರೆ ಅಲ್ಲಿ 0.16 ಅಂಗುಲ. ಮೊದಲ ವಿನ್ಯಾಸದಲ್ಲಿ ಆದ ತಪ್ಪು ಅದು. ಗೊತ್ತಾಗುವ ಹೊತ್ತಿಗೆ ಬೋರ್ಡಿನ ಮೇಲೆ ಕೂರುವ ಶೀಲ್ಡ್ ಎಂಬ ಹೆಚ್ಚುವರಿ ಬೋರ್ಡುಗಳು ಬಂದುಬಿಟ್ಟಿದ್ದವು. ತಿದ್ದಿದರೆ ಅವೆಲ್ಲ ಕಸ. ತಪ್ಪನ್ನೇ ಉಳಿಸಿಕೊಂಡರು, ಬೇರೆ ಕಂಪನಿಗಳೂ ತಮ್ಮ ಬೋರ್ಡುಗಳಲ್ಲಿ ಅದನ್ನೇ ನಿಷ್ಠೆಯಿಂದ ನಕಲಿಸಿದವು.

ಪ್ರೋಗ್ರಾಂ ಬರೆಯುವುದು

ಆರ್ಡುಯಿನೊ ಪ್ರೋಗ್ರಾಮಿಗೆ ಸ್ಕೆಚ್ ಎನ್ನುತ್ತಾರೆ. ಭಾಷೆ ಸಿ++. ಪ್ರತಿ ಸ್ಕೆಚ್ಚಿನಲ್ಲೂ ಎರಡು ಭಾಗ ಇರಲೇಬೇಕು. ಸೆಟಪ್ ಭಾಗದಲ್ಲಿರುವುದು ಬೋರ್ಡು ಆನ್ ಆದಾಗ ಒಮ್ಮೆ ಓಡುತ್ತದೆ. ಲೂಪ್ ಭಾಗದಲ್ಲಿರುವುದು ಕರೆಂಟ್ ಇರುವ ತನಕ ಸುತ್ತುತ್ತಲೇ ಇರುತ್ತದೆ. 13ನೇ ಪಿನ್ ಹೊರಕ್ಕೆ ಕೆಲಸ ಮಾಡಬೇಕೆಂದು ಪಿನ್‌ಮೋಡ್ ಆಜ್ಞೆಯಿಂದ ಸೆಟಪ್‌ನಲ್ಲಿ ಹೇಳಿ, ಲೂಪ್‌ನಲ್ಲಿ ಡಿಜಿಟಲ್‌ರೈಟ್‌ನಿಂದ ಆನ್ ಮಾಡಿ, ಡಿಲೇಯಿಂದ 1000 ಮಿಲಿಸೆಕೆಂಡ್ ಕಾಯ್ದು, ಆಫ್ ಮಾಡಿ, ಮತ್ತೆ ಕಾಯ್ದರೆ ಎಲ್ಇಡಿ ಮಿನುಗುತ್ತದೆ. ಬ್ಲಿಂಕ್ ಎಂಬ ಈ ಆರೇಳು ಸಾಲಿನ ಸ್ಕೆಚ್ಚೇ ಎಲ್ಲರ ಓನಾಮ.

ಡಿಲೇ ಸುಲಭ, ಮೋಸವೂ ಅದರಲ್ಲೇ ಇದೆ. ಒಂದು ಸೆಕೆಂಡ್ ಡಿಲೇ ಎಂದರೆ ಪ್ರೊಸೆಸರ್ 1.6 ಕೋಟಿ ಕ್ಲಾಕ್ ಮಿಡಿತಗಳನ್ನು ಸುಮ್ಮನೆ ಎಣಿಸಿ ಕಳೆದಂತೆ. ಆ ಹೊತ್ತಿನಲ್ಲಿ ಯಾರಾದರೂ ಸ್ವಿಚ್ ಒತ್ತಿದರೆ ಬೋರ್ಡಿಗೆ ತಿಳಿಯುವುದಿಲ್ಲ. ಆದ್ದರಿಂದ ಎರಡನೇ ಹಂತದಲ್ಲಿ ಮಿಲಿಸ್ ಎಂಬ ಆಜ್ಞೆ ಕಲಿಯಬೇಕು. ಆನ್ ಆದಾಗಿನಿಂದ ಎಷ್ಟು ಮಿಲಿಸೆಕೆಂಡ್ ಆಯಿತೆಂದು ಅದು ಹೇಳುತ್ತದೆ. ನಾವು ಗಡಿಯಾರ ನೋಡಿಕೊಂಡು ಬೇರೆ ಕೆಲಸ ಮಾಡುತ್ತಿರಬಹುದು.

ಒಂದು ನಿಮಿಷ ನಿಲ್ಲಿಸಬೇಕೆಂದು ಡಿಲೇ ಆವರಣದೊಳಗೆ 60 ಗುಣಿಸು 1000 ಎಂದು ಬರೆದವರ ಬೋರ್ಡು ಸತ್ತಂತೆ ಬಿದ್ದಿರುತ್ತದೆ. ಊನೊದಲ್ಲಿ ಮಾಮೂಲಿ ಪೂರ್ಣಾಂಕಕ್ಕೆ 16 ಬಿಟ್. 32,767ರಾಚೆಗೆ ಅದು ಎಣಿಸಲಾರದು. 60,000 ಆಗಬೇಕಾದ ಗುಣಲಬ್ಧ ಸುತ್ತಿಬಂದು ಋಣ 5,536 ಆಗುತ್ತದೆ. ಡಿಲೇಗೆ ಋಣಸಂಖ್ಯೆ ಗೊತ್ತಿಲ್ಲ, ಅದನ್ನು ಸುಮಾರು 429 ಕೋಟಿ ಮಿಲಿಸೆಕೆಂಡ್ ಎಂದು ಓದಿಕೊಂಡು 49 ದಿನಕ್ಕೂ ಮೇಲೆ ಕಾಯಲು ಕೂರುತ್ತದೆ. ಗುಣಿಸದೆ ನೇರ 60000 ಎಂದೇ ಬರೆದರೆ ಕಂಪೈಲರ್ ತಾನಾಗಿ ದೊಡ್ಡ ಜಾಗ ಕೊಡುತ್ತದೆ, ತೊಂದರೆಯಿಲ್ಲ. ಕಂಪ್ಯೂಟರಿನಲ್ಲಿ ಸಿ ಕಲಿತು ಬಂದವರೇ ಇಲ್ಲಿ ಹೆಚ್ಚು ಎಡವುವುದು.

ಸೆನ್ಸರ್‌ಗಳ ಮಾತು

ಅನಲಾಗ್ ಪಿನ್ನಿನಲ್ಲಿ ಬಂದ ವೋಲ್ಟೇಜನ್ನು ಚಿಪ್ 0ಯಿಂದ 1023ರವರೆಗಿನ ಸಂಖ್ಯೆಯಾಗಿ ಓದುತ್ತದೆ. 5 ವೋಲ್ಟನ್ನು 1024 ಭಾಗ ಮಾಡಿದರೆ ಒಂದೊಂದು ಸುಮಾರು 4.88 ಮಿಲಿವೋಲ್ಟ್. ಎಲ್ಎಂ35 ಎಂಬ ಮೂರು ಕಾಲಿನ ಉಷ್ಣತಾ ಸೆನ್ಸರ್ ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. ಕೋಣೆಯಲ್ಲಿ 28 ಡಿಗ್ರಿ ಇದ್ದರೆ 280 ಮಿಲಿವೋಲ್ಟ್. ಬೋರ್ಡು ಓದುವುದು 57. ಮುಂದಿನ ಸಂಖ್ಯೆ 58 ಎಂದರೆ ಅರ್ಧ ಡಿಗ್ರಿ ಜಿಗಿತ. ಅಂದಮೇಲೆ ಸ್ಕ್ರೀನಿನಲ್ಲಿ 27.83 ಎಂದು ದಶಾಂಶದ ಮುಂದೆ ಎರಡು ಅಂಕಿ ತೋರಿಸುವುದು ಬರೀ ಅಲಂಕಾರ. ಇದರ ಮೇಲೆ ಯುಎಸ್‌ಬಿಯಿಂದ ಬರುವ 5 ವೋಲ್ಟ್ ಸರಿಯಾಗಿ ಐದೇ ಇರುವುದಿಲ್ಲ. ಲ್ಯಾಪ್‌ಟಾಪಿನಿಂದ ಬಿಡಿಸಿ ಮೊಬೈಲ್ ಚಾರ್ಜರಿಗೆ ಹಾಕಿದರೆ ಅದೇ ಕೋಣೆಯ ಉಷ್ಣತೆ ಬದಲಾದಂತೆ ಕಾಣಬಹುದು. ಚಿಪ್ಪಿನೊಳಗಿರುವ 1.1 ವೋಲ್ಟ್ ಆಧಾರವನ್ನು ಆಯ್ದುಕೊಂಡರೆ ಡಿಗ್ರಿಯ ಹತ್ತನೇ ಒಂದು ಭಾಗದ ತನಕ ಹೋಗಬಹುದು. ಆಗ 110 ಡಿಗ್ರಿಗಿಂತ ಮೇಲೆ ಅಳೆಯಲಾಗದು, ಆ 1.1 ಕೂಡ ಚಿಪ್ಪಿನಿಂದ ಚಿಪ್ಪಿಗೆ ಸ್ವಲ್ಪ ಹೆಚ್ಚುಕಮ್ಮಿ ಇರುವುದರಿಂದ ಒಮ್ಮೆ ತಾಳೆ ನೋಡಿ ಸರಿಪಡಿಸಿಕೊಳ್ಳಬೇಕು.

ನಮ್ಮ ಕಡೆಯ ಮನೆಗಳಲ್ಲಿ ಊನೊ ಹಿಡಿದವರು ಬೇಗ ಕೈಹಾಕುವ ಯೋಜನೆ ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರೆತ್ತುವ ಮೋಟರಿನದು. ಎಚ್‌ಸಿ-ಎಸ್‌ಆರ್04 ಎಂಬ ಎರಡು ಕಣ್ಣಿನ ಅಲ್ಟ್ರಾಸಾನಿಕ್ ಸೆನ್ಸರನ್ನು ಟ್ಯಾಂಕಿನ ಮುಚ್ಚಳದ ಒಳಗೆ ಕೆಳಮುಖವಾಗಿ ಕೂರಿಸುತ್ತಾರೆ. 10 ಮೈಕ್ರೋಸೆಕೆಂಡಿನ ಸಂಜ್ಞೆ ಕೊಟ್ಟರೆ ಅದು 40 ಕಿಲೋಹರ್ಟ್ಸ್ ಸದ್ದಿನ ಎಂಟು ಮಿಡಿತ ಬಿಟ್ಟು, ನೀರಿಗೆ ಬಡಿದು ಮರಳುವವರೆಗಿನ ಸಮಯ ಹೇಳುತ್ತದೆ. ಆ ಮೈಕ್ರೋಸೆಕೆಂಡುಗಳನ್ನು 58ರಿಂದ ಭಾಗಿಸಿದರೆ ದೂರ ಸೆಂಟಿಮೀಟರಿನಲ್ಲಿ ಬರುತ್ತದೆ. ಮೇಜಿನ ಮೇಲೆ ಸೊಗಸಾಗಿ ನಡೆಯುವ ಈ ಸೆನ್ಸರ್ ಟ್ಯಾಂಕಿನ ತೇವಕ್ಕೆ ಬೇಗ ಹಾಳಾಗುತ್ತದೆ. ನೀರು ತಾಕದ ಬೇರೆ ಮಾದರಿಗಳಿವೆ, ಆದರೆ ಅವಕ್ಕೆ ಹತ್ತಿರದ ಸುಮಾರು 20 ಸೆಂ.ಮೀ. ಕಾಣದು, ತುಂಬಿದ ಟ್ಯಾಂಕಿನ ನೀರಿಗಿಂತ ಅಷ್ಟು ಎತ್ತರದಲ್ಲಿ ಕೂರಿಸಬೇಕು. ಹೂಕುಂಡದ ತೇವ ನೋಡುವ ಎರಡು ಹಲ್ಲಿನ ಅಗ್ಗದ ಸೆನ್ಸರಿನ ಕತೆಯೂ ಇಂಥದ್ದೇ: ಸದಾ ಕರೆಂಟ್ ಹರಿಸಿಟ್ಟರೆ ಹಲ್ಲಿನ ಲೋಹ ಮಣ್ಣಿನಲ್ಲಿ ಕರಗಿಹೋಗುತ್ತದೆ. ಅದಕ್ಕೆ ಕೆಪ್ಯಾಸಿಟಿವ್ ಬಗೆಯದೇ ಮೇಲು.

ಕನ್ನಡದಲ್ಲಿ ತೋರಿಸಲು ಹೊರಟರೆ

ಊನೊ ಜೊತೆ ಸಾಮಾನ್ಯವಾಗಿ ಮಾರುವ ಎರಡು ಸಾಲು, ಸಾಲಿಗೆ 16 ಮನೆಗಳ ಎಲ್‌ಸಿಡಿಯಲ್ಲಿ ಕನ್ನಡ ಅಕ್ಷರಗಳಿಲ್ಲ. ನಾವೇ ಬಿಡಿಸಿದ ಎಂಟು ಚಿಹ್ನೆಗಳಿಗೆ ಅದು ಜಾಗ ಕೊಡುತ್ತದೆ. ಪ್ರತಿ ಚಿಹ್ನೆ 5 ಚುಕ್ಕಿ ಅಗಲ, 8 ಚುಕ್ಕಿ ಎತ್ತರ. ‘ನೀರು ಖಾಲಿ’ ಎಂದು ತೋರಿಸಲು ನಾಲ್ಕು ಅಕ್ಷರ ಸಾಕು. ಆದರೆ ಐದು ಚುಕ್ಕಿಯ ಅಗಲದಲ್ಲಿ ತಲೆಕಟ್ಟು, ಗುಣಿತ, ದೀರ್ಘ ಎಲ್ಲ ಹಿಡಿಸಲು ಹೋದರೆ ಅಕ್ಷರ ಗುರುತೇ ಸಿಗದು, ಒಂದಕ್ಕೆ ಎರಡು ಮನೆ ಕೊಡಬೇಕು. ಅಲ್ಲಿಗೆ ಎಂಟೂ ಮುಗಿದವು. ‘ತುಂಬಿದೆ’ ಎನ್ನಲು ಬೇರೆ ಚಿಹ್ನೆಗಳನ್ನು ಆಗಿಂದಾಗ್ಗೆ ತುಂಬಿಕೊಳ್ಳಬೇಕು. 128 ಗುಣಿಸು 64 ಚುಕ್ಕಿಗಳ ಚಿಕ್ಕ ಓಎಲ್ಇಡಿ ಪರದೆಯಲ್ಲಿ ಕನ್ನಡವನ್ನು ಚಿತ್ರವಾಗಿ ಬಿಡಿಸಬಹುದು. ಸಾಮಾನ್ಯ ಲೈಬ್ರರಿ ಆ ಚಿತ್ರಕ್ಕೆ 1,024 ಬೈಟ್ ರ‍್ಯಾಮ್ ತೆಗೆದುಕೊಳ್ಳುತ್ತದೆ, ಊನೊದಲ್ಲಿರುವುದರ ಸರಿ ಅರ್ಧ. ಯುನಿಕೋಡ್ ಪಠ್ಯ ಇಟ್ಟುಕೊಂಡರೆ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಹಾಗಾಗಿ ಅಕ್ಷರಚಿತ್ರಗಳನ್ನೂ ಪಠ್ಯವನ್ನೂ ರ‍್ಯಾಮಿನಲ್ಲಿಡದೆ ಫ್ಲ್ಯಾಶ್ ಮೆಮೊರಿಯಲ್ಲೇ ಇಟ್ಟು ಓದುವ ಕ್ರಮ ಕಲಿತುಕೊಳ್ಳಬೇಕಾಗುತ್ತದೆ.

ಕರೆಂಟಿನ ಲೆಕ್ಕ

ಊನೊದ ಒಂದು ಪಿನ್ನಿನಿಂದ 20 ಮಿಲಿಆಂಪ್ ತೆಗೆಯುವುದು ಕ್ಷೇಮ. 40 ಅದರ ಕಟ್ಟಕಡೆಯ ಮಿತಿ. ಕೆಂಪು ಎಲ್ಇಡಿಗೆ ಸುಮಾರು 2 ವೋಲ್ಟ್ ಹೋಗಿ ಉಳಿದ 3 ವೋಲ್ಟ್ 220 ಓಮ್ ರೆಸಿಸ್ಟರಿನ ಮೇಲೆ ಬಿದ್ದರೆ ಹರಿಯುವುದು 14 ಮಿಲಿಆಂಪಿಗಿಂತ ಕಡಿಮೆ. ರೆಸಿಸ್ಟರ್ ಇಲ್ಲದೆ ಎಲ್ಇಡಿ ಹಾಕಿದರೂ ಉರಿಯುತ್ತದಲ್ಲ ಎಂದು ವಾದಿಸುವವರಿದ್ದಾರೆ. ಉರಿಯುತ್ತದೆ, ಪಿನ್ ಸಾಯುವವರೆಗೆ. 5 ವೋಲ್ಟಿನ ಸಾಮಾನ್ಯ ರಿಲೇಯ ಸುರುಳಿಗೆ ಸುಮಾರು 70 ಮಿಲಿಆಂಪ್ ಬೇಕು, ಅದನ್ನು ಪಿನ್ನಿಗೆ ನೇರ ಕಟ್ಟಬಾರದು. ಟ್ರಾನ್ಸಿಸ್ಟರ್ ಮತ್ತು ಡಯೋಡ್ ಇರುವ ರಿಲೇ ಮಾಡ್ಯೂಲನ್ನೇ ಕೊಳ್ಳಬೇಕು. ಅಂಥ ಮಾಡ್ಯೂಲಿನ ಮೇಲೆ 10 ಆಂಪ್ ಎಂದು ಬರೆದಿದೆಯೆಂದು ಒಂದು ಎಚ್‌ಪಿ ನೀರಿನ ಮೋಟರನ್ನು ಅದಕ್ಕೇ ಜೋಡಿಸುವುದು ಅಪಾಯ. ಮೋಟರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ರಿಲೇಯ ಒಳಗಿನ ಸಂಪರ್ಕಗಳು ಬೆಸೆದು ಅಂಟಿಕೊಂಡರೆ ಮೋಟರ್ ನಿಲ್ಲುವುದೇ ಇಲ್ಲ. ರಿಲೇಯಿಂದ ಕಾಂಟ್ಯಾಕ್ಟರ್, ಕಾಂಟ್ಯಾಕ್ಟರಿನಿಂದ ಮೋಟರ್, ಇದು ಸರಿಯಾದ ದಾರಿ. 230 ವೋಲ್ಟಿನ ಕಡೆಯ ಕೆಲಸವನ್ನು ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು.

ಯುಎಸ್‌ಬಿ ಬಿಟ್ಟು ದುಂಡು ಜಾಕಿನಿಂದ ಕೊಡುವುದಾದರೆ 7ರಿಂದ 12 ವೋಲ್ಟ್. ಬೋರ್ಡಿನ ರೆಗ್ಯುಲೇಟರ್ 5ಕ್ಕಿಂತ ಹೆಚ್ಚಿನದನ್ನೆಲ್ಲ ಬಿಸಿಯಾಗಿ ಸುಡುತ್ತದೆ: 12 ವೋಲ್ಟ್ ಕೊಟ್ಟು 200 ಮಿಲಿಆಂಪ್ ಬಳಸಿದರೆ 1.4 ವಾಟ್ ಶಾಖ, ಬೆರಳಿಡಲಾಗದಷ್ಟು. ಚೌಕನೆಯ 9 ವೋಲ್ಟ್ ಬ್ಯಾಟರಿಯನ್ನು ಎಲ್ಲ ಚಿತ್ರಗಳಲ್ಲೂ ತೋರಿಸುತ್ತಾರೆ. ಊನೊ ಸುಮ್ಮನೆ ಕೂತರೂ ಸುಮಾರು 50 ಮಿಲಿಆಂಪ್ ತಿನ್ನುವುದರಿಂದ ಅದು ಒಂದು ದಿನವೂ ಬಾಳದು.

ಅಸಲಿ, ನಕಲಿ, ಹೊಸದು

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಊನೊ ಕೇಳಿದರೆ ‘ಒರಿಜಿನಲ್ಲಾ, ಕ್ಲೋನಾ’ ಎಂದು ಮರುಪ್ರಶ್ನೆ ಬರುತ್ತದೆ. ಕ್ಲೋನ್ ಎಂದರೆ ಮುಕ್ತ ನಕ್ಷೆಯಿಂದ ಬೇರೆಯವರು ಮಾಡಿದ ಬೋರ್ಡು, ಕಾನೂನಿಗೆ ವಿರುದ್ಧವಲ್ಲ. ಆರ್ಡುಯಿನೊ ಹೆಸರನ್ನೂ ಗುರುತನ್ನೂ ಅಚ್ಚೊತ್ತಿ ಅಸಲಿಯೆಂದು ಮಾರುವುದು ಮಾತ್ರ ಮೋಸ. ಅಸಲಿ ಆರ್3ಯಲ್ಲಿ ಯುಎಸ್‌ಬಿಗೆಂದು ಎಟಿಮೆಗಾ16ಯು2 ಎಂಬ ಇನ್ನೊಂದು ಚಿಪ್ ಇದ್ದರೆ ಕ್ಲೋನ್‌ಗಳಲ್ಲಿ ಬಹುಪಾಲು ಅಗ್ಗದ ಸಿಎಚ್340 ಇರುತ್ತದೆ. ಕಂಪ್ಯೂಟರಿಗೆ ಬೋರ್ಡು ಕಾಣದಿದ್ದರೆ ಮೊದಲು ಅದರ ಡ್ರೈವರ್ ಹಾಕಿ ನೋಡಬೇಕು, ಆಮೇಲೆ ಕೇಬಲ್ ಬದಲಿಸಬೇಕು. ಬೋರ್ಡು ಕೆಟ್ಟಿದೆ ಎಂದುಕೊಳ್ಳುವುದು ಕೊನೆಯ ಹಂತ. ನೀತಿ ಆಯೋಗದ ಅಟಲ್ ಇನ್ನೊವೇಷನ್ ಮಿಷನ್ 2016ರಿಂದ ಶಾಲೆಗಳಲ್ಲಿ ತೆರೆದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳ ಮೂಲಕ, ಶಾಲೆಗೆ 20 ಲಕ್ಷ ರೂಪಾಯಿವರೆಗಿನ ಅನುದಾನದಲ್ಲಿ, ಈ ಬೋರ್ಡು ಜಿಲ್ಲಾ ಕೇಂದ್ರಗಳಾಚೆಯ ಶಾಲೆಗಳಿಗೂ ತಲುಪಿದೆ.

ಈ ನಡುವೆ ಊನೊದ ನೆತ್ತಿಯ ಮೇಲೆ ಬೇರೆಯವರು ಹತ್ತಿ ಹೋಗಿದ್ದಾರೆ. ಶಾಂಘೈನ ಎಸ್‌ಪ್ರೆಸಿಫ್ ಕಂಪನಿಯ ಇಎಸ್‌ಪಿ32 ಚಿಪ್ 2016ರಿಂದ ವೈ-ಫೈ, ಬ್ಲೂಟೂತ್ ಎರಡನ್ನೂ ಅಗ್ಗವಾಗಿ ಕೊಡುತ್ತಿದೆ. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ 4 ಡಾಲರಿಗೆ ಊನೊಗಿಂತ ಎಷ್ಟೋ ಪಾಲು ಮೆಮೊರಿ ತಂದಿತು. ಆರ್ಡುಯಿನೊ ಕೂಡ 2023ರಲ್ಲಿ ಊನೊ ಆರ್4 ಬಿಟ್ಟಿತು: 48 ಮೆಗಾಹರ್ಟ್ಸ್, 32 ಬಿಟ್, 256 ಕಿಲೋಬೈಟ್ ಫ್ಲ್ಯಾಶ್, 32 ಕಿಲೋಬೈಟ್ ರ‍್ಯಾಮ್. ನೋಡಲು ಹಳೆಯದರಂತೆಯೇ ಇರುವ ಆರ್4ನ ಪಿನ್ ಕೊಡಬಲ್ಲದ್ದು 8 ಮಿಲಿಆಂಪ್ ಮಾತ್ರ, ಹಳೆಯ ಸರ್ಕ್ಯೂಟನ್ನು ಹಾಗೇ ಸಿಕ್ಕಿಸುವಂತಿಲ್ಲ. 2025ರ ಅಕ್ಟೋಬರಿನಲ್ಲಿ ಅಮೆರಿಕದ ಕ್ವಾಲ್ಕಾಮ್ ತಾನು ಆರ್ಡುಯಿನೊವನ್ನು ಕೊಳ್ಳುವುದಾಗಿ ಪ್ರಕಟಿಸಿತು.

ಹಾಗಿದ್ದೂ ಮೊದಲ ಬೋರ್ಡಾಗಿ ಹಳೆಯ ಆರ್3ಯೇ ಒಳ್ಳೆಯದು. ಇಎಸ್‌ಪಿ32 ಮತ್ತು ಪಿಕೊ 3.3 ವೋಲ್ಟಿನವು, ತಪ್ಪಿ 5 ವೋಲ್ಟ್ ತಾಕಿದರೆ ಪಿನ್ ಹೋಗಬಹುದು. ಊನೊ ಕಲಿಯುವವರ ತಪ್ಪುಗಳನ್ನು ಹೆಚ್ಚು ಸಹಿಸುತ್ತದೆ. ಇಂಟರ್ನೆಟ್ ಬೇಕಾದ ದಿನ ಇಎಸ್‌ಪಿ32ಕ್ಕೆ ಹೋಗಬಹುದು, ಬರೆಯುವ ಸಾಫ್ಟ್‌ವೇರ್ ಅದೇ. ಕ್ಲೋನ್ ಕೊಳ್ಳುವಾಗ ಉದ್ದನೆಯ ಚಿಪ್ ಸಾಕೆಟ್ಟಿನಲ್ಲಿ ಕೂತಿರುವುದನ್ನೇ ಆರಿಸಬೇಕು. ಕೈತಪ್ಪಿನಿಂದ ಚಿಪ್ ಸುಟ್ಟರೆ ಅದೊಂದನ್ನೇ ಬದಲಿಸಬಹುದು. ಮಾಡಿದ ಯಂತ್ರ ಖಾಯಂ ಓಡಬೇಕಿದ್ದರೆ ಇಡೀ ಬೋರ್ಡನ್ನು ಡಬ್ಬಿಯಲ್ಲಿ ಮುಚ್ಚಿಡುವ ಬದಲು ಚಿಪ್ ಕಿತ್ತು, 16 ಮೆಗಾಹರ್ಟ್ಸ್ ಕ್ರಿಸ್ಟಲ್, ಎರಡು 22 ಪಿಕೊಫ್ಯಾರಡ್ ಕೆಪ್ಯಾಸಿಟರ್, ಒಂದು 10 ಕಿಲೋಓಮ್ ರೆಸಿಸ್ಟರ್ ಮತ್ತು 5 ವೋಲ್ಟ್ ಸಪ್ಲೈ ಜೊತೆ ಬೇರೆ ಬೋರ್ಡಿಗೆ ಬೆಸುಗೆ ಹಾಕಿದರೆ ಸಾಕು. ಖಾಲಿಯಾದ ಸಾಕೆಟ್ಟಿಗೆ ಹೊಸ ಚಿಪ್ ತರುವಾಗ ಅದರಲ್ಲಿ ಬೂಟ್‌ಲೋಡರ್ ಹಾಕಿದೆಯೇ ಎಂದು ಅಂಗಡಿಯಲ್ಲೇ ಕೇಳಿಕೊಳ್ಳಬೇಕು.